ಹೊರಗಿನ ಡ್ರೈವ್‌ನಿಂದ ಲ್ಯಾಪ್‌ಟಾಪ್ ಬೂಟ್ ಮಾಡುವುದು: ಯಾವ ಹಂತದಲ್ಲಿ ಏನು ನಡೆಯುತ್ತದೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ಮುಗಿಯಿತು. ಅಲ್ಲಿಂದ ಈಚೆಗೆ ತುಂಬಾ ಮನೆಗಳಲ್ಲಿ ಒಂದೇ ಪ್ರಶ್ನೆ. ಲ್ಯಾಪ್‌ಟಾಪ್ ಚೆನ್ನಾಗಿಯೇ ಇದೆ, ಆದರೆ ಪ್ರೊಸೆಸರ್ ಹಳೆಯದು ಎಂದೋ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ ಎಂದೋ ವಿಂಡೋಸ್ 11 ಬೇಡ ಅನ್ನುತ್ತದೆ. ಲಿನಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿ ನೋಡೋಣ ಅಂದರೆ ಒಳಗಿನ ಡಿಸ್ಕ್ ತುಂಬಾ ಮಕ್ಕಳ ಫೋಟೋ, ಆಫೀಸಿನ ಫೈಲು, ಟ್ಯಾಲಿ ಡೇಟಾ. ಅದನ್ನು ಮುಟ್ಟುವ ಧೈರ್ಯ ಬರುವುದಿಲ್ಲ.

ಇಂಥವರಿಗೆ ಹೊರಗಿನ ಡ್ರೈವ್ ಒಳ್ಳೆಯ ದಾರಿ. ಯುಎಸ್‌ಬಿಗೆ ಸಿಕ್ಕಿಸುವ ಒಂದು ಎಸ್‌ಎಸ್‌ಡಿ ಮೇಲೆ ಪೂರ್ತಿ ಆಪರೇಟಿಂಗ್ ಸಿಸ್ಟಂ ಇಟ್ಟುಕೊಳ್ಳಬಹುದು. ಸಿಕ್ಕಿಸಿದರೆ ಲಿನಕ್ಸ್, ಕಿತ್ತರೆ ಹಳೆಯ ವಿಂಡೋಸ್. ಆದರೆ ಇದನ್ನು ಮಾಡಲು ಹೋದವರಲ್ಲಿ ತುಂಬಾ ಜನ ಮಧ್ಯದಲ್ಲೆಲ್ಲೋ ಸಿಕ್ಕಿಹಾಕಿಕೊಳ್ಳುತ್ತಾರೆ. ಒಬ್ಬರಿಗೆ ಡ್ರೈವ್ ಬೂಟ್ ಮೆನುವಿನಲ್ಲೇ ಕಾಣುವುದಿಲ್ಲ. ಇನ್ನೊಬ್ಬರಿಗೆ ಕಪ್ಪು ಸ್ಕ್ರೀನ್ ಮೇಲೆ ‘ಗ್ರಬ್’ ಅಂತ ಒಂದು ಪದ ಮಾತ್ರ. ಮತ್ತೊಬ್ಬರಿಗೆ ಅರ್ಧ ಬೂಟ್ ಆಗಿ ‘ಇನಿಟ್‌ರಾಮ್‌ಎಫ್‌ಎಸ್’ ಅನ್ನುವ ಕಡೆ ನಿಂತುಬಿಡುತ್ತದೆ. ಆಮೇಲೆ ಯಾರೋ ಹೇಳಿದ ಸೆಟ್ಟಿಂಗ್‌ಗಳನ್ನೆಲ್ಲ ಒಂದೊಂದಾಗಿ ಬದಲಾಯಿಸುತ್ತಾ ಕೂರುತ್ತಾರೆ.

ಅಷ್ಟು ಕಷ್ಟಪಡುವ ಅಗತ್ಯವಿಲ್ಲ. ಬೂಟ್, ಅಂದರೆ ಕಂಪ್ಯೂಟರ್ ಆನ್ ಆಗಿ ಏಳುವುದು, ಒಬ್ಬರಿಂದ ಇನ್ನೊಬ್ಬರಿಗೆ ಕೆಲಸ ದಾಟುತ್ತಾ ಹೋಗುವ ನಾಲ್ಕು ಹಂತಗಳ ಸಾಲು. ಮೊದಲು ಲ್ಯಾಪ್‌ಟಾಪ್‌ನ ಫರ್ಮ್‌ವೇರ್, ಆಮೇಲೆ ಸಿಸ್ಟಂ ಎಬ್ಬಿಸುವ ಪುಟ್ಟ ಪ್ರೋಗ್ರಾಂ ಬೂಟ್‌ಲೋಡರ್ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಗ್ರಬ್), ಆಮೇಲೆ ಸಿಸ್ಟಂನ ತಿರುಳಾದ ಕರ್ನಲ್, ಕೊನೆಗೆ ರೂಟ್ ಪಾರ್ಟಿಷನ್‌ನಲ್ಲಿ (ಡಿಸ್ಕ್‌ನಲ್ಲಿ ಸಿಸ್ಟಂ ಇರುವ ಭಾಗ) ಕೂತಿರುವ ಉಳಿದ ಸಿಸ್ಟಂ. ಪ್ರತಿ ಹಂತವೂ ಮುಂದಿನದನ್ನು ತಾನೇ ಹುಡುಕಿಕೊಳ್ಳಬೇಕು. ಒಳಗಿನ ಡಿಸ್ಕ್‌ನಲ್ಲಿ ಈ ಹುಡುಕಾಟ ನಮಗೆ ಗೊತ್ತೇ ಆಗುವುದಿಲ್ಲ, ಯಾಕಂದರೆ ಎಲ್ಲ ವಿಳಾಸಗಳನ್ನೂ ಕಂಪನಿಯವರೇ ಬರೆದಿಟ್ಟಿರುತ್ತಾರೆ. ಹೊರಗಿನ ಡ್ರೈವ್‌ನಲ್ಲಿ ಪ್ರತಿ ಹುಡುಕಾಟವೂ ಹೊಸದು. ಸ್ಕ್ರೀನ್ ಮೇಲೆ ಕೊನೆಗೆ ಏನು ಕಂಡಿತು ಅಂತ ನೋಡಿದರೆ ಯಾವ ಹಂತದಲ್ಲಿ ಎಡವಿದೆ ಅಂತ ಹೇಳಬಹುದು.

ಲೈವ್ ಬೇರೆ, ಇನ್‌ಸ್ಟಾಲ್ ಬೇರೆ

ಮೊದಲು ಒಂದು ಗೊಂದಲ ಬಿಡಿಸೋಣ. ‘ಪೆನ್‌ಡ್ರೈವ್‌ನಿಂದ ಉಬುಂಟು ಓಡಿಸಿದೆ’ ಅಂತ ಇಬ್ಬರು ಹೇಳಿದರೆ ಇಬ್ಬರೂ ಒಂದೇ ಕೆಲಸ ಮಾಡಿದ್ದಾರೆ ಅಂತೇನಿಲ್ಲ.

ಉಬುಂಟು ಲಿನಕ್ಸ್‌ನ ಒಂದು ರೂಪ. ಅದರ 24.04 ಆವೃತ್ತಿಯ ಐಎಸ್‌ಒ ಫೈಲನ್ನು (ಇಡೀ ಇನ್‌ಸ್ಟಾಲರ್ ಇರುವ ಒಂದೇ ಫೈಲು) ರೂಫಸ್, ಬಲೇನಾ ಎಚರ್ ಅಥವಾ ವೆಂಟಾಯ್ ಅನ್ನುವ ಪ್ರೋಗ್ರಾಂ ಬಳಸಿ ಪೆನ್‌ಡ್ರೈವ್‌ಗೆ ಹಾಕಿದರೆ ಸಿಗುವುದು ಲೈವ್ ಸಿಸ್ಟಂ. ಅದರಲ್ಲಿ ಇಡೀ ಸಿಸ್ಟಂ ಒತ್ತಿ ಚಿಕ್ಕದು ಮಾಡಿದ, ಓದಲು ಮಾತ್ರ ಬರುವ ಫೈಲುಗಳ ಒಳಗೆ ಇರುತ್ತದೆ. ನೀವು ಮಾಡುವ ಬದಲಾವಣೆಯೆಲ್ಲ ರ‍್ಯಾಮ್‌ನಲ್ಲಿ ಉಳಿಯುತ್ತದೆ. ಆಫ್ ಮಾಡಿದರೆ ಮುಗಿಯಿತು. ಉದಾಹರಣೆಗೆ ಕನ್ನಡ ಟೈಪ್ ಮಾಡಲು ಐಬಸ್ ಅನ್ನುವ ಟೈಪಿಂಗ್ ವ್ಯವಸ್ಥೆಯಲ್ಲಿ ಕೆಜಿಪಿ ಕೀಬೋರ್ಡ್ ಸೇರಿಸಿಕೊಂಡಿರಿ ಅನ್ನಿ. ಮಾರನೇ ದಿನ ಆನ್ ಮಾಡಿದರೆ ಅದು ಇರುವುದಿಲ್ಲ, ವೈಫೈ ಪಾಸ್‌ವರ್ಡ್ ಕೂಡ ಮತ್ತೆ ಹಾಕಬೇಕು. ರೂಫಸ್‌ನಲ್ಲಿ ಪರ್ಸಿಸ್ಟೆನ್ಸ್ ಅನ್ನುವ ಆಯ್ಕೆ ಇದೆ. ಪೆನ್‌ಡ್ರೈವ್‌ನಲ್ಲಿ ಒಂದಷ್ಟು ಜಾಗ ಎತ್ತಿಟ್ಟು ಬದಲಾವಣೆಗಳನ್ನು ಅಲ್ಲಿ ಉಳಿಸುತ್ತದೆ. ಆದರೂ ಕರ್ನಲ್ ಅಪ್‌ಡೇಟ್‌ನಂಥ ದೊಡ್ಡ ಬದಲಾವಣೆಗಳಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಲೈವ್ ಸಿಸ್ಟಂಗಳ ದೊಡ್ಡ ಗುಣವೂ ಇದರಲ್ಲೇ ಇದೆ. ಏನೂ ಉಳಿಯುವುದಿಲ್ಲ ಅಂದಮೇಲೆ ಏನೂ ಕೆಡುವುದೂ ಇಲ್ಲ. 2000ದಲ್ಲಿ ಬಂದ ನಾಪಿಕ್ಸ್ ಅನ್ನುವ ಲೈವ್ ಸಿಡಿಯಿಂದಲೇ ಎಷ್ಟೋ ಜನ ಮೊದಲ ಸಲ ಲಿನಕ್ಸ್ ನೋಡಿದ್ದು. ಟೇಲ್ಸ್ ಅನ್ನುವ ಸಿಸ್ಟಂ ಇದೇ ಗುಣವನ್ನು ಗೌಪ್ಯತೆಗಾಗಿ ಬಳಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವೈಫೈ, ಸೌಂಡ್, ಟಚ್‌ಪ್ಯಾಡ್ ಲಿನಕ್ಸ್‌ಗೆ ಹೊಂದುತ್ತವೆಯೇ ಅಂತ ನೋಡಲು ಲೈವ್ ಸಾಕು. ದಿನಾ ಬಳಸಬೇಕು ಅಂದರೆ ಹೊರಗಿನ ಡ್ರೈವ್ ಮೇಲೆ ಪೂರ್ತಿ ಇನ್‌ಸ್ಟಾಲ್ ಮಾಡಬೇಕು. ಅದಕ್ಕೆ ಎರಡು ಡ್ರೈವ್ ಬೇಕು: ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಒಂದು, ಸಿಸ್ಟಂ ಹೋಗಿ ಕೂರುವ ಎಸ್‌ಎಸ್‌ಡಿ ಇನ್ನೊಂದು. ಮುಂದಿನ ಮಾತೆಲ್ಲ ಈ ಎರಡನೆಯ ಡ್ರೈವ್ ಬಗ್ಗೆ.

ಮೊದಲ ಹಂತ: ಫರ್ಮ್‌ವೇರ್ ಯಾರನ್ನು ಗುರುತಿಸುತ್ತದೆ

ಪವರ್ ಬಟನ್ ಒತ್ತಿದ ಕೂಡಲೇ ಓಡುವುದು ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಪ್ರೋಗ್ರಾಂ. ನಾವೆಲ್ಲ ಅದನ್ನು ಬಯಾಸ್ ಅಂತ ಕರೆಯುತ್ತೇವೆ, ಆದರೆ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಯುಇಎಫ್‌ಐ. 1981ರ ಐಬಿಎಂ ಪಿಸಿಯಿಂದ ಬಂದ ಹಳೆಯ ಬಯಾಸ್ ಸರಳವಾಗಿತ್ತು. ಡಿಸ್ಕ್‌ನ ಮೊದಲ 512 ಬೈಟ್ ಓದಿ ಅಲ್ಲಿರುವ ಕೋಡ್ ಓಡಿಸುವುದು, ಅಷ್ಟೇ. ಆ 512ರಲ್ಲಿ ಕೋಡ್‌ಗೆ ಸಿಗುತ್ತಿದ್ದುದು ಹೆಚ್ಚೆಂದರೆ 446 ಬೈಟ್. ನಾಲ್ಕೇ ಪ್ರೈಮರಿ ಪಾರ್ಟಿಷನ್, ಡಿಸ್ಕ್ 2 ಟಿಬಿ ದಾಟಿದರೆ ಲೆಕ್ಕ ಸಿಗದು. ಇಂಟೆಲ್ 1990ರ ದಶಕದ ಕೊನೆಯಲ್ಲಿ ತನ್ನ ಇಟೇನಿಯಂ ಸರ್ವರ್‌ಗಳಿಗೆಂದು ಇಎಫ್‌ಐ ಶುರು ಮಾಡಿತು. 2005ರಲ್ಲಿ ಹಲವು ಕಂಪನಿಗಳು ಸೇರಿ ಅದನ್ನು ಯುಇಎಫ್‌ಐ ಮಾಡಿದವು.

ಯುಇಎಫ್‌ಐಗೆ ಫೈಲುಗಳನ್ನು ಓದಲು ಬರುತ್ತದೆ. ಡಿಸ್ಕ್‌ನಲ್ಲಿ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಅನ್ನುವ ಚಿಕ್ಕ ಜಾಗವನ್ನು ಹುಡುಕುತ್ತದೆ. ಅದು ಫ್ಯಾಟ್32 ಫಾರ್ಮ್ಯಾಟ್‌ನಲ್ಲಿರಬೇಕು. ಅದರೊಳಗೆ ಬೂಟ್‌ಲೋಡರ್ ಒಂದು ಸಾಮಾನ್ಯ ಫೈಲಾಗಿ ಕೂತಿರುತ್ತದೆ.

ಒಳಗಿನ ಡಿಸ್ಕ್ ಮತ್ತು ಹೊರಗಿನ ಡ್ರೈವ್ ನಡುವಿನ ನಿಜವಾದ ವ್ಯತ್ಯಾಸ ಶುರುವಾಗುವುದು ಇಲ್ಲಿಂದ. ಕಿರಾಣಿ ಅಂಗಡಿಯ ಖಾತೆ ಪುಸ್ತಕ ನೆನಪಿಸಿಕೊಳ್ಳಿ. ದಿನಾ ಬರುವವರ ಹೆಸರು, ಲೆಕ್ಕ ಅದರಲ್ಲಿ ಬರೆದಿರುತ್ತದೆ. ಫರ್ಮ್‌ವೇರ್ ಕೂಡ ತನ್ನ ಎನ್‌ವಿರ‍್ಯಾಮ್ ಅನ್ನುವ ನೆನಪಿನ ಚಿಪ್‌ನಲ್ಲಿ ಇಂಥದ್ದೇ ಪಟ್ಟಿ ಇಟ್ಟಿರುತ್ತದೆ. ‘ವಿಂಡೋಸ್ ಬೂಟ್ ಮ್ಯಾನೇಜರ್: ಈ ಡಿಸ್ಕ್, ಈ ಪಾರ್ಟಿಷನ್, ಈ ಫೋಲ್ಡರ್, ಈ ಫೈಲು’ ಅಂತ. ವಿಂಡೋಸ್ ಇನ್‌ಸ್ಟಾಲ್ ಆದಾಗಲೇ ಆ ಸಾಲು ಬರೆದಿರುತ್ತದೆ. ಗಮನಿಸಿ, ಪಟ್ಟಿ ಇರುವುದು ಲ್ಯಾಪ್‌ಟಾಪ್‌ನಲ್ಲಿ, ಡಿಸ್ಕ್‌ನಲ್ಲಿ ಅಲ್ಲ. ನಿಮ್ಮ ಎಸ್‌ಎಸ್‌ಡಿಯನ್ನು ಗೆಳೆಯರ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಅಲ್ಲಿನ ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ.

ಹಾಗಾದರೆ ಪೆನ್‌ಡ್ರೈವ್ ಹೇಗೆ ಬೂಟ್ ಆಗುತ್ತದೆ? ಹೊಸಬರಿಗೆಂದೇ ಯುಇಎಫ್‌ಐ ನಿಯಮದಲ್ಲಿ ಒಂದು ಗೊತ್ತಾದ ಜಾಗ ಇದೆ. ಇಎಫ್‌ಐ ಅನ್ನುವ ಫೋಲ್ಡರ್, ಅದರೊಳಗೆ ಬೂಟ್ ಅನ್ನುವ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಡಾಟ್ ಇಎಫ್‌ಐ ಅನ್ನುವ ಫೈಲು. 64 ಬಿಟ್‌ನ ಇಂಟೆಲ್, ಎಎಂಡಿ ಲ್ಯಾಪ್‌ಟಾಪ್‌ಗಳಿಗೆ ಈ ಹೆಸರು. ಆರ್ಮ್ ಚಿಪ್ ಇದ್ದರೆ ಬೂಟ್‌ಎಎ64 ಡಾಟ್ ಇಎಫ್‌ಐ. ಪರಿಚಯವಿಲ್ಲದ ಡ್ರೈವ್ ಬಂದರೆ ಫರ್ಮ್‌ವೇರ್ ಈ ಒಂದು ಜಾಗ ನೋಡುತ್ತದೆ. ಫೈಲು ಇದ್ದರೆ ಓಡಿಸುತ್ತದೆ. ಇಲ್ಲದಿದ್ದರೆ ಆ ಡ್ರೈವ್‌ನಲ್ಲಿ ಇಡೀ ಸಿಸ್ಟಂ ಇದ್ದರೂ ಅದರ ಪಾಲಿಗೆ ಏನೂ ಇಲ್ಲ.

ಡ್ರೈವ್ ಬೂಟ್ ಮೆನುವಿನಲ್ಲಿ ಕಾಣದಿದ್ದರೆ ನೋಡಬೇಕಾದ ಮೊದಲ ವಿಷಯ ಇದೇ. ಆ ಡ್ರೈವನ್ನು ವಿಂಡೋಸ್‌ನಲ್ಲಿ ತೆರೆದು ನೋಡಿ ‘ಫೈಲುಗಳೆಲ್ಲ ಇವೆಯಲ್ಲ’ ಅಂದರೆ ಸಾಲದು. ವಿಂಡೋಸ್‌ಗೆ ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಓದಲು ಬರುತ್ತದೆ. ಎಷ್ಟೋ ಫರ್ಮ್‌ವೇರ್‌ಗೆ ಬರುವುದಿಲ್ಲ. ವಿಂಡೋಸ್ ಇನ್‌ಸ್ಟಾಲರ್ ಪೆನ್‌ಡ್ರೈವ್ ಮಾಡುವಾಗ ರೂಫಸ್ ಒಂದು ಪುಟ್ಟ ಹೆಚ್ಚುವರಿ ಪಾರ್ಟಿಷನ್ ಸೃಷ್ಟಿಸುವುದನ್ನು ನೋಡಿರಬಹುದು. ವಿಂಡೋಸ್‌ನ ಮುಖ್ಯ ಇನ್‌ಸ್ಟಾಲ್ ಫೈಲು 4 ಜಿಬಿ ದಾಟಿದರೆ ಫ್ಯಾಟ್32ರಲ್ಲಿ ಹಿಡಿಯುವುದಿಲ್ಲ. ಅದಕ್ಕೆ ದೊಡ್ಡ ಪಾರ್ಟಿಷನ್ ಎನ್‌ಟಿಎಫ್‌ಎಸ್. ಫರ್ಮ್‌ವೇರ್‌ಗೆ ಅದನ್ನು ಓದುವುದು ಕಲಿಸಲು ಪಕ್ಕದಲ್ಲಿ ಆ ಪುಟ್ಟದು.

ಬೂಟ್ ಮೆನು ತೆರೆಯುವ ಕೀ ಕಂಪನಿಯಿಂದ ಕಂಪನಿಗೆ ಬೇರೆ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್, ಎಂಎಸ್‌ಐನಲ್ಲಿ ಎಫ್11. ಏಸರ್‌ನಲ್ಲಿ ಎಫ್12 ಇದ್ದರೂ ಹಲವು ಮಾಡೆಲ್‌ಗಳಲ್ಲಿ ಅದನ್ನು ಮೊದಲು ಬಯಾಸ್ ಸೆಟಪ್ ಒಳಗೆ ಆನ್ ಮಾಡಬೇಕು. ಕೀ ಒತ್ತುವ ಸಮಯ ಸಿಗುತ್ತಿಲ್ಲ ಅಂದರೆ ವಿಂಡೋಸ್ ಒಳಗಿನಿಂದಲೇ ಹೋಗಬಹುದು. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಸ್ಕ್ರೀನಿನಲ್ಲಿ ‘ಯೂಸ್ ಎ ಡಿವೈಸ್’ ಬರುತ್ತದೆ. ಫರ್ಮ್‌ವೇರ್‌ನಲ್ಲಿ ಫಾಸ್ಟ್ ಬೂಟ್ ಆನ್ ಇದ್ದರೆ ಕೆಲವು ಲ್ಯಾಪ್‌ಟಾಪ್‌ಗಳು ಸಮಯ ಉಳಿಸಲು ಯುಎಸ್‌ಬಿ ಪೋರ್ಟುಗಳನ್ನು ನೋಡದೇ ಮುಂದೆ ಹೋಗುತ್ತವೆ. ಅದನ್ನು ಆಫ್ ಮಾಡಿ.

ಸಹಿ ಕೇಳುವ ಸೆಕ್ಯೂರ್ ಬೂಟ್

ಫೈಲು ಸಿಕ್ಕಿತು. ಇನ್ನು ಅದನ್ನು ಓಡಿಸಬಹುದೇ ಅನ್ನುವ ಪ್ರಶ್ನೆ. 2012ರ ವಿಂಡೋಸ್ 8ರ ಜೊತೆ ಲ್ಯಾಪ್‌ಟಾಪ್‌ಗಳಿಗೆ ವ್ಯಾಪಕವಾಗಿ ಬಂದದ್ದು ಸೆಕ್ಯೂರ್ ಬೂಟ್. ಬೂಟ್‌ಲೋಡರ್ ಮೇಲೆ ನಂಬಿಕಸ್ಥರ ಡಿಜಿಟಲ್ ಸಹಿ ಇದೆಯೇ ಅಂತ ಫರ್ಮ್‌ವೇರ್ ನೋಡುತ್ತದೆ. ಇಲ್ಲದಿದ್ದರೆ ಓಡಿಸುವುದಿಲ್ಲ. ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ ನುಸುಳುವ ವೈರಸ್‌ಗಳನ್ನು ತಡೆಯಲು ಇದು ಬೇಕು.

‘ಲಿನಕ್ಸ್ ಹಾಕಬೇಕಾದರೆ ಸೆಕ್ಯೂರ್ ಬೂಟ್ ಆಫ್ ಮಾಡಿ’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಉಬುಂಟು, ಫೆಡೋರಾ, ಡೆಬಿಯನ್, ಓಪನ್‌ಸೂಸೆಗಳಿಗೆ ಇದರ ಅಗತ್ಯವಿಲ್ಲ. ಅವು ಶಿಮ್ ಅನ್ನುವ ಚಿಕ್ಕ ಪ್ರೋಗ್ರಾಂ ಬಳಸುತ್ತವೆ. ಶಿಮ್ ಮೇಲೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ, ಹಾಗಾಗಿ ಫರ್ಮ್‌ವೇರ್ ಅದನ್ನು ಒಪ್ಪುತ್ತದೆ. ಶಿಮ್ ತನ್ನೊಳಗೆ ಉಬುಂಟುವಿನ ಕೀ ಇಟ್ಟುಕೊಂಡು ಗ್ರಬ್ ಮತ್ತು ಕರ್ನಲ್‌ನ ಸಹಿ ನೋಡುತ್ತದೆ. ಆರ್ಚ್‌ನಂಥ ಕೆಲವು ಸಿಸ್ಟಂಗಳು ಈ ವ್ಯವಸ್ಥೆಯನ್ನು ತಾವಾಗಿ ಕೊಡುವುದಿಲ್ಲ. ಅಲ್ಲಿ ಮಾತ್ರ ಆಫ್ ಮಾಡಬೇಕಾಗುತ್ತದೆ ಅಥವಾ ನಿಮ್ಮದೇ ಕೀ ಸೇರಿಸಬೇಕು. 2022ರಿಂದ ಈಚೆಗೆ ಬಂದ ಕೆಲವು ಸೆಕ್ಯೂರ್ಡ್ ಕೋರ್ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕಿದೆ. ವಿಂಡೋಸ್‌ನ ಸಹಿ ಮಾತ್ರ ಒಪ್ಪಿ, ಹೊರಗಿನವರಿಗೆ ಮೈಕ್ರೋಸಾಫ್ಟ್ ಹಾಕಿಕೊಡುವ ಸಹಿಯನ್ನು ಬಿಟ್ಟಿರುತ್ತವೆ. ಬಯಾಸ್ ಸೆಟಪ್‌ನ ಸೆಕ್ಯೂರ್ ಬೂಟ್ ಪುಟದಲ್ಲಿ ಥರ್ಡ್ ಪಾರ್ಟಿ ಸರ್ಟಿಫಿಕೇಟ್ ಅನ್ನುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿದರೆ ಸಾಕು.

ಈ ಸೆಟ್ಟಿಂಗ್‌ಗಳಿಗೆ ಕೈ ಹಾಕುವ ಮೊದಲು ಮಾಡಲೇಬೇಕಾದ ಒಂದು ಕೆಲಸವಿದೆ. ನಿಮ್ಮ ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ನೀವು ಕೇಳದೆಯೂ ಆನ್ ಆಗಿರಬಹುದು. ಬೂಟ್ ದಾರಿಯಲ್ಲಿ ಏನೋ ಬದಲಾಗಿದೆ ಅಂತ ಟಿಪಿಎಂ ಚಿಪ್‌ಗೆ ಅನ್ನಿಸಿದರೆ ಅದು ಕೀ ಬಿಟ್ಟುಕೊಡುವುದಿಲ್ಲ. ಮುಂದಿನ ಸಲ ವಿಂಡೋಸ್ ಏಳುವಾಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡುವುದು ಇದಕ್ಕೆ ತುಂಬಾ ಸಾಮಾನ್ಯ ಕಾರಣ. ಆ ಕೀ ಇಲ್ಲದಿದ್ದರೆ ಮಕ್ಕಳ ಫೋಟೋ ಹೋಯಿತು ಅಂತಲೇ ಲೆಕ್ಕ. ಮೈಕ್ರೋಸಾಫ್ಟ್ ಖಾತೆಯೊಳಗೆ ಹೋಗಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೊರಗಿನ ಡ್ರೈವ್‌ನಿಂದ ಒಳಗಿನ ಡೇಟಾಗೆ ಆಗಬಹುದಾದ ನಿಜವಾದ ಅಪಾಯಗಳಲ್ಲಿ ಇದು ದೊಡ್ಡದು.

ಎರಡನೇ ಹಂತ: ಬೂಟ್‌ಲೋಡರ್ ಯಾವ ಡಿಸ್ಕ್‌ಗೆ ಹೋಯಿತು

ಅತಿ ಹೆಚ್ಚು ಜನ ಎಡವುವ ಜಾಗ ಇದು. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಇನ್‌ಸ್ಟಾಲರ್‌ನಲ್ಲಿ ನೀವು ಹೊರಗಿನ ಎಸ್‌ಎಸ್‌ಡಿಯನ್ನೇ ಆರಿಸುತ್ತೀರಿ. ಫೈಲುಗಳೆಲ್ಲ ಅದಕ್ಕೇ ಹೋಗುತ್ತವೆ. ಎಲ್ಲ ಸರಿಯಾಗಿ ಮುಗಿಯುತ್ತದೆ. ರೀಸ್ಟಾರ್ಟ್ ಮಾಡಿದರೆ ಉಬುಂಟು ಬರುತ್ತದೆ. ಸಂತೋಷ. ಮಾರನೇ ದಿನ ಎಸ್‌ಎಸ್‌ಡಿ ಕಿತ್ತು ಲ್ಯಾಪ್‌ಟಾಪ್ ಆನ್ ಮಾಡಿದರೆ ವಿಂಡೋಸ್ ಬರುವುದಿಲ್ಲ! ಕಪ್ಪು ಸ್ಕ್ರೀನು, ‘ಗ್ರಬ್’ ಅನ್ನುವ ಪದ, ಮಿನುಗುವ ಕರ್ಸರ್. ಅದೇ ಎಸ್‌ಎಸ್‌ಡಿಯನ್ನು ಬೇರೆ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಅಲ್ಲೂ ಬೂಟ್ ಆಗುವುದಿಲ್ಲ.

ಆಗಿದ್ದೇನು? ಉಬುಂಟು 22.04ರವರೆಗೆ ಇದ್ದ ಹಳೆಯ ಇನ್‌ಸ್ಟಾಲರ್‌ನಲ್ಲಿ ಒಂದು ಪ್ರಸಿದ್ಧ ದೋಷವಿತ್ತು. ಬೂಟ್‌ಲೋಡರನ್ನು ಎಲ್ಲಿ ಹಾಕಬೇಕು ಅಂತ ನೀವು ಹೊರಗಿನ ಡ್ರೈವ್ ತೋರಿಸಿದರೂ, ಅದು ಕಂಪ್ಯೂಟರಿನಲ್ಲಿ ಮೊದಲು ಸಿಕ್ಕ ಇಎಫ್‌ಐ ಪಾರ್ಟಿಷನ್‌ಗೆ ಹಾಕುತ್ತಿತ್ತು. ಮೊದಲು ಸಿಗುವುದು ಸಾಮಾನ್ಯವಾಗಿ ಒಳಗಿನ ಡಿಸ್ಕ್‌ನದು. ಗ್ರಬ್ ವಿಂಡೋಸ್‌ನ ಪಕ್ಕ ಹೋಗಿ ಕೂತಿತು. ಅದು ಓದಬೇಕಾದ ಮೆನು, ಕರ್ನಲ್ ಎಲ್ಲ ಹೊರಗಿನ ಡ್ರೈವ್‌ನಲ್ಲಿ. ಡ್ರೈವ್ ಕಿತ್ತರೆ ಗ್ರಬ್ ಮಾತ್ರ ಉಳಿಯುತ್ತದೆ, ಓದಲು ಅದಕ್ಕೆ ಏನೂ ಇಲ್ಲ. ಹೊರಗಿನ ಡ್ರೈವ್‌ನಲ್ಲಿ ಬೂಟ್‌ಲೋಡರೇ ಇಲ್ಲವಾದ್ದರಿಂದ ಅದು ಬೇರೆಲ್ಲೂ ಏಳುವುದಿಲ್ಲ.

ಹೆದರಬೇಡಿ, ವಿಂಡೋಸ್ ಎಲ್ಲೂ ಹೋಗಿಲ್ಲ. ಬೂಟ್ ಮೆನು ತೆರೆದು ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದರೆ ಎದ್ದು ಬರುತ್ತದೆ. ಬಯಾಸ್ ಸೆಟಪ್‌ನಲ್ಲಿ ಅದನ್ನು ಮತ್ತೆ ಪಟ್ಟಿಯ ಮೇಲಕ್ಕೆ ತನ್ನಿ.

ಇದು ಆಗದಂತೆ ತಡೆಯಲು ಅತ್ಯಂತ ಖಾತ್ರಿಯಾದ ದಾರಿ, ಇನ್‌ಸ್ಟಾಲ್ ಮಾಡುವಷ್ಟು ಹೊತ್ತು ಒಳಗಿನ ಡಿಸ್ಕ್ ಕಾಣದಂತೆ ಮಾಡುವುದು. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಒಳಗಿನ ಡಿಸ್ಕ್ ಆಫ್ ಮಾಡುವ ಆಯ್ಕೆ ಇರುತ್ತದೆ. ಹಿಂದಿನ ಮುಚ್ಚಳ ಬಿಚ್ಚಿ ಅಭ್ಯಾಸವಿದ್ದವರು ಡಿಸ್ಕನ್ನೇ ಕಳಚಿಡಬಹುದು. ಕಾಣದ ಡಿಸ್ಕ್‌ಗೆ ಯಾವ ಇನ್‌ಸ್ಟಾಲರೂ ಏನೂ ಬರೆಯಲಾರದು. ನನ್ನ ಮಟ್ಟಿಗೆ ಬೇರೆಲ್ಲ ಉಪಾಯಗಳಿಗಿಂತ ಇದೇ ಮೇಲು.

ಆಗಲೇ ತಪ್ಪು ಜಾಗಕ್ಕೆ ಹೋಗಿದ್ದರೂ ಸರಿಮಾಡಬಹುದು. ಹೊರಗಿನ ಡ್ರೈವ್‌ನಲ್ಲಿ ಕೆಲವು ನೂರು ಎಂಬಿಯ ಫ್ಯಾಟ್32 ಪಾರ್ಟಿಷನ್ ಇರಬೇಕು, ಅದಕ್ಕೆ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಅನ್ನುವ ಗುರುತು ಇರಬೇಕು. ಉಬುಂಟು ಒಳಗೆ ಹೋಗಿ, ಯಾವ ಪಾರ್ಟಿಷನ್ ಎಲ್ಲಿ ತೆರೆಯಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಇಎಫ್‌ಐ ಪಾರ್ಟಿಷನ್‌ನ ಸಾಲು ನೋಡಿ. ಅಲ್ಲಿ ಒಳಗಿನ ಡಿಸ್ಕ್‌ನ ಯುಯುಐಡಿ (ಪಾರ್ಟಿಷನ್‌ನ ಗುರುತಿನ ಸಂಖ್ಯೆ) ಇದ್ದರೆ ಹೊರಗಿನದರ ಯುಯುಐಡಿ ಹಾಕಿ, ಆ ಪಾರ್ಟಿಷನ್ ಮೌಂಟ್ ಮಾಡಿ, ಅಂದರೆ ಬಳಸಲು ತೆರೆಯಿರಿ. ಆಮೇಲೆ ಗ್ರಬ್ ಇನ್‌ಸ್ಟಾಲ್ ಕಮಾಂಡನ್ನು ‘ರಿಮೂವಬಲ್’ ಅನ್ನುವ ಆಯ್ಕೆಯೊಂದಿಗೆ ಓಡಿಸಿ. ಇಡೀ ಕೆಲಸದ ಗುಟ್ಟು ಆ ಆಯ್ಕೆಯಲ್ಲಿದೆ. ಅದು ಬೂಟ್‌ಲೋಡರನ್ನು ಹೊಸಬರಿಗೆ ಮೀಸಲಾದ ಆ ಗೊತ್ತಾದ ಜಾಗದಲ್ಲಿ, ಆ ಗೊತ್ತಾದ ಹೆಸರಿನಲ್ಲಿ ಇಡುತ್ತದೆ. ಆಗ ಡ್ರೈವ್‌ಗೆ ಯಾವ ಲ್ಯಾಪ್‌ಟಾಪ್‌ನ ಪಟ್ಟಿಯ ಹಂಗೂ ಬೇಕಿಲ್ಲ.

24.04ರಿಂದ ಉಬುಂಟುವಿನ ಇನ್‌ಸ್ಟಾಲರ್ ಹೊಸದು. ಆದರೂ ಇನ್‌ಸ್ಟಾಲ್ ಆದ ಮೇಲೆ ಹೊರಗಿನ ಡ್ರೈವ್‌ನ ಇಎಫ್‌ಐ ಪಾರ್ಟಿಷನ್ ತೆರೆದು ಆ ಫೈಲು ಇದೆಯೇ ಅಂತ ಒಮ್ಮೆ ನೋಡಿಬಿಡಿ. ಅರ್ಧ ನಿಮಿಷದ ಕೆಲಸ.

ಮೂರನೇ ಹಂತ: ಕರ್ನಲ್ ಮತ್ತೆ ಮೊದಲಿನಿಂದ ಹುಡುಕುತ್ತದೆ

ಗ್ರಬ್ ಮೆನು ಬಂತು, ಉಬುಂಟು ಆರಿಸಿದಿರಿ, ಒಂದಷ್ಟು ಸಾಲು ಓಡಿದವು, ಆಮೇಲೆ ‘ಇನಿಟ್‌ರಾಮ್‌ಎಫ್‌ಎಸ್’ ಅಂತ ಬರೆದು ನಿಂತಿತು. ಡ್ರೈವ್ ಹಾಳಾಗಿದೆ ಅಂದುಕೊಳ್ಳುವವರೇ ಜಾಸ್ತಿ. ಈಗಷ್ಟೇ ಅದರಿಂದಲೇ ಗ್ರಬ್ ಬಂತು, ಕರ್ನಲ್ ಬಂತು. ಈಗ ಡ್ರೈವೇ ಕಾಣುತ್ತಿಲ್ಲ ಅಂದರೆ ಹೇಗೆ?

ಅದುವರೆಗೆ ಡ್ರೈವ್ ಓದುತ್ತಿದ್ದುದು ಫರ್ಮ್‌ವೇರ್‌ನ ಡ್ರೈವರ್. ಗ್ರಬ್‌ಗೆ ಏನು ಬೇಕಾದರೂ ಅದು ಫರ್ಮ್‌ವೇರನ್ನು ಕೇಳಿ ಓದಿಸಿಕೊಳ್ಳುತ್ತದೆ. ಕರ್ನಲ್ ಮೆಮೊರಿಗೆ ಬಂದು ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡ ಕ್ಷಣ ಫರ್ಮ್‌ವೇರ್ ಪಕ್ಕಕ್ಕೆ ಸರಿಯುತ್ತದೆ. ಅದರ ಯುಎಸ್‌ಬಿ ಡ್ರೈವರ್ ಕೂಡ ಅದರ ಜೊತೆ ಹೋಗುತ್ತದೆ. ಇನ್ನು ಕರ್ನಲ್ ತನ್ನದೇ ಡ್ರೈವರ್ ಬಳಸಿ ಅದೇ ಯುಎಸ್‌ಬಿ ಪೋರ್ಟನ್ನು, ಅದೇ ಡ್ರೈವನ್ನು ಹೊಸದಾಗಿ ಕಂಡುಹಿಡಿಯಬೇಕು. ಆದರೆ ಅದರ ಡ್ರೈವರ್‌ಗಳು ಇರುವುದು ಎಲ್ಲಿ? ಇನ್ನೂ ತೆರೆಯಲಾಗದ ಆ ಡ್ರೈವ್‌ನ ಮೇಲೆಯೇ!

ಈ ಸುತ್ತನ್ನು ಬಿಡಿಸಲು ಗ್ರಬ್ ಕರ್ನಲ್ ಜೊತೆ ಒಂದು ಪುಟ್ಟ ಗಂಟನ್ನೂ ಮೆಮೊರಿಗೆ ತರುತ್ತದೆ. ಅದೇ ಇನಿಟ್‌ರಾಮ್‌ಎಫ್‌ಎಸ್. ಅದರಲ್ಲಿ ರೂಟ್ ಪಾರ್ಟಿಷನ್ ತೆರೆಯಲು ಬೇಕಾದ ಡ್ರೈವರ್‌ಗಳು ಇರುತ್ತವೆ. ಯುಎಸ್‌ಬಿ 3 ಪೋರ್ಟ್‌ಗೆ ಎಕ್ಸ್‌ಎಚ್‌ಸಿಐ, ಡ್ರೈವ್‌ಗೆ ಯುಎಸ್‌ಬಿ ಸ್ಟೋರೇಜ್ ಅಥವಾ ಯುಎಎಸ್. ಆ ಗಂಟಿನಲ್ಲಿ ಇವು ಇಲ್ಲದಿದ್ದರೆ ಅಲ್ಲೇ ನಿಲ್ಲಬೇಕು.

ಉಬುಂಟು ಮತ್ತು ಡೆಬಿಯನ್ ಈ ಗಂಟಿನಲ್ಲಿ ಸಾಮಾನ್ಯವಾಗಿ ಬೇಕಾಗುವ ಬಹುತೇಕ ಡ್ರೈವರ್‌ಗಳನ್ನು ತುಂಬುತ್ತವೆ. ಒಂದು ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಮಾಡಿದ್ದು ಇನ್ನೊಂದರಲ್ಲೂ ಏಳುತ್ತದೆ. ಫೆಡೋರಾ, ಆರ್ಚ್ ಗಂಟು ಚಿಕ್ಕದಿರಲಿ ಅಂತ ಆ ಕಂಪ್ಯೂಟರಿಗೆ ಬೇಕಾದಷ್ಟನ್ನೇ ಇಡುತ್ತವೆ. ಒಂದೇ ಕಂಪ್ಯೂಟರಿಗೆ ಅದು ಒಳ್ಳೆಯದೇ. ಊರೂರು ತಿರುಗುವ ಡ್ರೈವ್‌ಗೆ ಸರಿಹೋಗುವುದಿಲ್ಲ. ಫೆಡೋರಾದ ಬೂಟ್ ಮೆನುವಿನಲ್ಲಿ ರೆಸ್ಕ್ಯೂ ಅನ್ನುವ ಸಾಲು ಇರುವುದು ಇದಕ್ಕೇ. ಅದರ ಗಂಟು ದೊಡ್ಡದು. ಅದರಿಂದ ಎಬ್ಬಿಸಿ ಗಂಟನ್ನು ಹೊಸದಾಗಿ ಕಟ್ಟಬಹುದು. ಹಲವು ಕಂಪ್ಯೂಟರುಗಳಲ್ಲಿ ಬಳಸುವ ಡ್ರೈವ್ ಬೇಕಿದ್ದರೆ ಉಬುಂಟು ಅಥವಾ ಡೆಬಿಯನ್ ಹಾಕಿ ಅನ್ನುವುದು ನನ್ನ ಸಲಹೆ.

ವಿಂಡೋಸ್ ಕೂಡ ಇದೇ ಜಾಗದಲ್ಲಿ ಬೀಳುತ್ತದೆ. ಒಳಗಿನ ಡಿಸ್ಕ್‌ನ ವಿಂಡೋಸನ್ನು ಹಾಗೇ ಹೊರಗಿನ ಡ್ರೈವ್‌ಗೆ ಕಾಪಿ ಮಾಡಿ ಬೂಟ್ ಮಾಡಲು ಹೋದರೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ನೀಲಿ ಸ್ಕ್ರೀನ್ ಬರುವುದುಂಟು. ಬೂಟ್‌ಲೋಡರ್ ಓದಿತು, ಕರ್ನಲ್ ಎದ್ದಿತು, ತಾನು ಎದ್ದು ಬಂದ ಡಿಸ್ಕನ್ನೇ ಅದಕ್ಕೆ ತೆರೆಯಲಾಗಲಿಲ್ಲ ಅನ್ನುವುದು ಅದರ ಅರ್ಥ. ಮೈಕ್ರೋಸಾಫ್ಟ್ ವಿಂಡೋಸ್ 8ರ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ವಿಂಡೋಸ್ ಟು ಗೋ ಅಂತ ಯುಎಸ್‌ಬಿಯಿಂದ ಓಡುವ ವ್ಯವಸ್ಥೆ ತಂದಿತ್ತು. 2020ರಲ್ಲಿ ಬಂದ ವಿಂಡೋಸ್ 10ರ ‘2004’ ಅನ್ನುವ ಹೆಸರಿನ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿತು. ಈಗಲೂ ರೂಫಸ್‌ನಲ್ಲಿ ವಿಂಡೋಸ್ ಟು ಗೋ ಆಯ್ಕೆ ಇದೆ, ಕೆಲಸ ಮಾಡುತ್ತದೆ. ಆದರೆ ಮೈಕ್ರೋಸಾಫ್ಟ್ ಬೆಂಬಲ ಇಲ್ಲದ್ದನ್ನು ದಿನದ ಕೆಲಸಕ್ಕೆ ನೆಚ್ಚಿಕೊಳ್ಳುವುದು ಬೇಡ.

ನಾಲ್ಕನೇ ಹಂತ: ಯಾವುದು ನನ್ನ ಪಾರ್ಟಿಷನ್

ಡ್ರೈವ್ ಕಂಡಿತು. ಅದರಲ್ಲಿ ರೂಟ್ ಯಾವುದು? ಲಿನಕ್ಸ್ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಸಿಕ್ಕ ಕ್ರಮದಲ್ಲಿ ಹೆಸರಿಡುತ್ತದೆ. ಇವತ್ತು ಎಸ್‌ಡಿಬಿ ಆಗಿದ್ದು ನಾಳೆ ಇನ್ನೊಂದು ಪೆನ್‌ಡ್ರೈವ್ ಜೊತೆ ಸಿಕ್ಕಿಸಿದರೆ ಎಸ್‌ಡಿಸಿ ಆಗಬಹುದು. ಅದಕ್ಕೇ ಪ್ರತಿ ಪಾರ್ಟಿಷನ್‌ಗೂ ಯುಯುಐಡಿ ಅನ್ನುವ ಉದ್ದನೆಯ ಗುರುತು ಇರುತ್ತದೆ. ಈಗಿನ ಇನ್‌ಸ್ಟಾಲರ್‌ಗಳು ಅದನ್ನೇ ಬಳಸುತ್ತವೆ. ಹಾಗಾಗಿ ಮಾಮೂಲಿಯಾಗಿ ಈ ಹಂತದಲ್ಲಿ ತೊಂದರೆ ಇಲ್ಲ.

ತೊಂದರೆ ಬರುವುದು ಡಿಸ್ಕ್ ಕ್ಲೋನ್ ಮಾಡಿದಾಗ. ಒಳಗಿನ ಲಿನಕ್ಸನ್ನು ಬೈಟ್ ಬೈಟ್ ಹೊರಗಿನ ಡ್ರೈವ್‌ಗೆ ಕಾಪಿ ಮಾಡಿದರೆ ಯುಯುಐಡಿಯೂ ಕಾಪಿ ಆಗುತ್ತದೆ. ಎರಡೂ ಒಟ್ಟಿಗೆ ಇದ್ದಾಗ ಕರ್ನಲ್ ಯಾವುದನ್ನು ತೆರೆಯುತ್ತದೆ ಅನ್ನುವುದು ಯಾವುದು ಮೊದಲು ಸಿಕ್ಕಿತು ಅನ್ನುವುದರ ಮೇಲೆ ನಿಂತಿದೆ. ಹೊರಗಿನದರಲ್ಲಿ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡು ಒಳಗಿನದನ್ನು ಬದಲಾಯಿಸುತ್ತಿರಬಹುದು. ಕ್ಲೋನ್ ಮಾಡಿದ ಮೇಲೆ ಒಂದರ ಯುಯುಐಡಿ ಬದಲಿಸಿ, ಗ್ರಬ್ ಮತ್ತು ಎಫ್‌ಎಸ್‌ಟ್ಯಾಬ್‌ನಲ್ಲೂ ಅದನ್ನು ತಿದ್ದಿ. ಅದಾಗುವವರೆಗೆ ಎರಡನ್ನೂ ಒಟ್ಟಿಗೆ ಇಟ್ಟು ಬೂಟ್ ಮಾಡಬೇಡಿ.

ಯಾವ ಡ್ರೈವ್ ತಗೋಬೇಕು

ಪೆನ್‌ಡ್ರೈವ್ ಮೇಲೆ ಪೂರ್ತಿ ಇನ್‌ಸ್ಟಾಲ್ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಆಪರೇಟಿಂಗ್ ಸಿಸ್ಟಂ ಓಡುವಾಗ ಡಿಸ್ಕ್‌ನ ಅಲ್ಲಲ್ಲಿ ಚೂರುಚೂರಾಗಿ ಬರೆಯುತ್ತಲೇ ಇರುತ್ತದೆ. ಪೆನ್‌ಡ್ರೈವ್ ತಯಾರಾಗಿರುವುದು ದೊಡ್ಡ ಫೈಲನ್ನು ಒಂದೇ ಸಲ ಹಾಕಿ ತೆಗೆಯಲು. ಚಿಕ್ಕ ಚಿಕ್ಕ ಬರಹಗಳಲ್ಲಿ ಅಗ್ಗದ ಪೆನ್‌ಡ್ರೈವ್‌ನ ವೇಗ ಸೆಕೆಂಡಿಗೆ 1 ಎಂಬಿಗಿಂತ ಕೆಳಗೆ ಬೀಳುವುದು ಮಾಮೂಲು. ಬ್ರೌಸರ್ ತೆರೆದರೆ ಸ್ಕ್ರೀನ್ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಜನ ಬೈಯುವುದು ಲಿನಕ್ಸ್‌ಗೆ. ಪೆನ್‌ಡ್ರೈವ್ ಬೇಗ ಸವೆದೂ ಹೋಗುತ್ತದೆ.

ಹಳೆಯ ಲ್ಯಾಪ್‌ಟಾಪ್‌ನಿಂದ ತೆಗೆದ ಸಾಟಾ ಎಸ್‌ಎಸ್‌ಡಿ ಇದ್ದರೆ ಅದೇ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯುಎಸ್‌ಬಿ 3 ಕೇಸಿಂಗ್ ಅಂತ ಕೇಳಿದರೆ ಕೊಡುತ್ತಾರೆ. ಯುಎಎಸ್‌ಪಿ ಇದೆಯೇ ಅಂತ ಕೇಳಿ ತಗೊಳ್ಳಿ. ಅದಿದ್ದರೆ ಡ್ರೈವ್ ಒಂದೇ ಸಲಕ್ಕೆ ಹಲವು ಆದೇಶ ತೆಗೆದುಕೊಳ್ಳುತ್ತದೆ, ಸಿಸ್ಟಂ ಚುರುಕಾಗಿ ಓಡುತ್ತದೆ. ಪೋರ್ಟ್ ಕೂಡ ಮುಖ್ಯ. ಯುಎಸ್‌ಬಿ 2.0ರ ಮಿತಿ 480 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, ಮೆಗಾಬೈಟ್ ಅಲ್ಲ), ಕೈಗೆ ಸಿಗುವುದು ಸೆಕೆಂಡಿಗೆ 40 ಎಂಬಿಯ ಆಸುಪಾಸು. ಯುಎಸ್‌ಬಿ 3.0ದ ಮಿತಿ 5 ಜಿಬಿಪಿಎಸ್, ಅದರಲ್ಲಿ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 400 ಎಂಬಿ ದಾಟಬಲ್ಲದು. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ 3 ಪೋರ್ಟಿನ ಒಳಗೆ ನೀಲಿ ಬಣ್ಣ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ.

ಕರೆಂಟಿನ ಲೆಕ್ಕವೂ ಇದೆ. ಯುಎಸ್‌ಬಿ 2.0 ನಿಯಮದ ಪ್ರಕಾರ 500 ಮಿಲಿಆಂಪ್, ಯುಎಸ್‌ಬಿ 3.0 900 ಮಿಲಿಆಂಪ್ ಕೊಡುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಶುರುವಾಗುವ ಹೊತ್ತಿಗೆ ಇದಕ್ಕಿಂತ ಜಾಸ್ತಿ ಎಳೆಯಬಹುದು. ಬೂಟ್ ಆಗುತ್ತಾ ಆಗುತ್ತಾ ಡ್ರೈವ್ ಮಾಯವಾದರೆ ಹಬ್ ತೆಗೆದು ನೇರ ಪೋರ್ಟಿಗೆ ಸಿಕ್ಕಿಸಿ, ಕೇಬಲ್ ಬದಲಿಸಿ ನೋಡಿ. ಓಡುತ್ತಿರುವ ಸಿಸ್ಟಂನ ಡ್ರೈವ್ ಕಿತ್ತರೆ ಅಥವಾ ಸ್ಲೀಪ್‌ಗೆ ಹೋದಾಗ ಕೇಬಲ್ ಸಡಿಲವಾದರೆ ಫೈಲುಗಳು ಕೆಡಬಹುದು. ಬ್ಯಾಗಿಗೆ ಹಾಕುವ ಮೊದಲು ಪೂರ್ತಿ ಶಟ್‌ಡೌನ್ ಮಾಡಿ.

ಮ್ಯಾಕ್‌ಬುಕ್ ಇದ್ದವರಿಗೆ

ಮ್ಯಾಕ್‌ನ ದಾರಿ ಬೇರೆ. ಇಂಟೆಲ್ ಮ್ಯಾಕ್‌ಗಳಲ್ಲಿ ಆನ್ ಮಾಡುವಾಗ ಆಪ್ಷನ್ ಕೀ ಹಿಡಿದರೆ ಡ್ರೈವ್‌ಗಳ ಪಟ್ಟಿ ಬರುತ್ತದೆ. ಟಿ2 ಅನ್ನುವ ಆಪಲ್‌ನ ಭದ್ರತಾ ಚಿಪ್ ಇರುವ ಮಾಡೆಲ್‌ಗಳಲ್ಲಿ ಹೊರಗಿನ ಡ್ರೈವ್‌ನಿಂದ ಬೂಟ್ ಮಾಡಲು ರಿಕವರಿಯೊಳಗಿನ ಸ್ಟಾರ್ಟಪ್ ಸೆಕ್ಯುರಿಟಿ ಯುಟಿಲಿಟಿಗೆ ಹೋಗಿ ಅನುಮತಿ ಕೊಡಬೇಕು. 2020ರ ಕೊನೆಯಿಂದ ಬಂದ ಎಂ ಸರಣಿಯ ಚಿಪ್‌ಗಳಲ್ಲಿ ಪವರ್ ಬಟನನ್ನೇ ಒತ್ತಿ ಹಿಡಿಯಬೇಕು. ಹೊರಗಿನ ಡ್ರೈವ್‌ನಿಂದ ಮ್ಯಾಕ್‌ಒಎಸ್ ಓಡುತ್ತದೆ, ನಿಜ. ಆದರೆ ಬೂಟ್‌ನ ಮೊದಲ ಹೆಜ್ಜೆಗಳು ಯಾವಾಗಲೂ ಒಳಗಿನ ಸ್ಟೋರೇಜ್‌ನಿಂದಲೇ ಶುರುವಾಗುತ್ತವೆ, ಯಾವ ಸಿಸ್ಟಂ ಓಡಬಹುದು ಅನ್ನುವ ಅನುಮತಿಯೂ ಅಲ್ಲೇ ಇರುತ್ತದೆ. ಒಳಗಿನ ಎಸ್‌ಎಸ್‌ಡಿ ಸತ್ತರೆ ಹೊರಗಿನ ಡ್ರೈವ್‌ನಿಂದ ಕಾಲ ತಳ್ಳಬಹುದು ಅನ್ನುವ ಹಳೆಯ ಭರವಸೆ ಈ ಮ್ಯಾಕ್‌ಗಳಲ್ಲಿ ನಡೆಯುವುದಿಲ್ಲ.

ಒಳಗಿನ ಡಿಸ್ಕ್ ಕಡೆಯ ಒಂದೆರಡು ಮಾತು

ಹೊರಗಿನ ಲಿನಕ್ಸ್‌ನಿಂದ ಒಳಗಿನ ವಿಂಡೋಸ್ ಡಿಸ್ಕ್ ತೆರೆದರೆ ಬರೆಯಲು ಬಿಡದೆ ಓದಲು ಮಾತ್ರ ಬರುವುದುಂಟು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಇದಕ್ಕೆ ಕಾರಣ. ಅದು ಆನ್ ಇದ್ದರೆ ಶಟ್‌ಡೌನ್ ಅಂದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಮಲಗುತ್ತದೆ. ಆ ಹೊತ್ತಿನಲ್ಲಿ ಬೇರೆ ಸಿಸ್ಟಂ ಆ ಡಿಸ್ಕ್‌ಗೆ ಬರೆದರೆ ಎದ್ದ ಮೇಲೆ ವಿಂಡೋಸ್‌ನ ಲೆಕ್ಕ ತಪ್ಪಿ ಫೈಲು ಕೆಡುತ್ತದೆ. ಒತ್ತಾಯದಿಂದ ಬರೆಯುವ ದಾರಿ ಹುಡುಕಬೇಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಒಮ್ಮೆ ಸರಿಯಾಗಿ ಶಟ್‌ಡೌನ್ ಮಾಡಿ ಬನ್ನಿ.

ಇನ್ನು ಹೊರಗಿನ ಡ್ರೈವ್ ಕಡೆಯದು. ಒಳಗಿನ ಡಿಸ್ಕ್ ಲ್ಯಾಪ್‌ಟಾಪ್ ಜೊತೆಗೇ ಇರುತ್ತದೆ. ಇದು ಬಸ್ಸಿನಲ್ಲಿ, ಕಾಲೇಜಿನ ಲ್ಯಾಬಿನಲ್ಲಿ, ಯಾರದೋ ಮೇಜಿನ ಮೇಲೆ ಉಳಿದುಬಿಡಬಹುದು. ಲಾಗಿನ್ ಪಾಸ್‌ವರ್ಡ್ ಇದೆಯಲ್ಲ ಅಂದರೆ ಅದು ಸಾಲದು. ಡ್ರೈವನ್ನು ಬೇರೆ ಲಿನಕ್ಸ್‌ಗೆ ಸಿಕ್ಕಿಸಿದರೆ ನಿಮ್ಮ ಫೈಲುಗಳೆಲ್ಲ ತೆರೆದುಕೊಳ್ಳುತ್ತವೆ, ಬ್ರೌಸರಿನಲ್ಲಿ ಉಳಿಸಿದ ಲಾಗಿನ್‌ಗಳು ಕೂಡ. ಉಬುಂಟು ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಆರಿಸುವಾಗ ಎನ್‌ಕ್ರಿಪ್ಷನ್ ಆಯ್ಕೆ ಬರುತ್ತದೆ, ಲಕ್ಸ್ ಅನ್ನುವ ವ್ಯವಸ್ಥೆ ಅದು. ಪ್ರತಿ ಸಲ ಬೂಟ್ ಆಗುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಈಗಿನ ಪ್ರೊಸೆಸರ್‌ಗಳಲ್ಲಿ ವೇಗ ಇಳಿದದ್ದು ಗೊತ್ತೂ ಆಗುವುದಿಲ್ಲ. ಇನ್‌ಸ್ಟಾಲ್ ಮಾಡುವಾಗಲೇ ಅದನ್ನು ಆರಿಸಿ. ಆಮೇಲೆ ಸೇರಿಸಬೇಕೆಂದರೆ ಸಾಮಾನ್ಯವಾಗಿ ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗುತ್ತದೆ.